ಪಾದ್ರಿ ಪಾರ್ಕರ್ ಅಧ್ಯಕ್ಷರಿಗೆ ಬರೆದ ಕಾಗದ

ಬಾಸ್ಟನ್ ಪಬ್ಲಿಕ್ ಗಾರ್ಡನ್ನಿನ ಈ ಮೂಲೆಯಲ್ಲಿ, ಚರ್ಚಿನ ಕಡೆ ಮುಖ ಮಾಡಿ ಪ್ರತಿಮೆಯಾಗಿ ನಿಂತಿರುವವರು ಪಾದ್ರಿ ವಿಲಿಯಂ ಎಲೆರಿ ಚಾನಿಂಗ್. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಅಂತ ಮೂವರಿಲ್ಲ ಎಂದು 1819ರಲ್ಲಿ ಬಾಲ್ಟಿಮೋರ್‌ನಲ್ಲಿ ಬಿಡಿಸಿ ಹೇಳಿದವರು. ಹೀಗೆ ನಂಬುವ ಕ್ರೈಸ್ತ ಪಂಥದವರೇ ಯೂನಿಟೇರಿಯನ್ನರು. ಅಮೆರಿಕದಲ್ಲಿ ಅವರಿಗೆ ದೊಡ್ಡ ಧೈರ್ಯ ಬಂದದ್ದೇ ಆ ಭಾಷಣದಿಂದ.

ಈ ಪಂಥದ ದೊಡ್ಡವರನ್ನು ಎಣಿಸುತ್ತಾ ಕೂತರೆ ವಿಡಿಯೋ ಮುಗಿಯೋದಿಲ್ಲ. ಲೇಖಕ ಎಮರ್ಸನ್ ಇದೇ ಊರಲ್ಲಿ ಪಾದ್ರಿಯಾಗಿದ್ದು 1832ರಲ್ಲಿ ಬಿಟ್ಟು ಹೊರಬಂದರು. ಜಾನ್ ಕ್ವಿನ್ಸಿ ಆಡಮ್ಸ್, ಮಿಲಾರ್ಡ್ ಫಿಲ್ಮೋರ್, ಟಾಫ್ಟ್ ದೇಶದ ಅಧ್ಯಕ್ಷರೇ ಆದರು. ನನಗೆ ಮಾತ್ರ ಈ ಪಂಥದೊಳಗಿನ ಒಂದು ಜಗಳ ಜಾಸ್ತಿ ಇಷ್ಟ.

ಎಲೆನ್ ಮತ್ತು ವಿಲಿಯಂ ಕ್ರಾಫ್ಟ್, ಜಾರ್ಜಿಯಾದಲ್ಲಿ ಗುಲಾಮರಾಗಿದ್ದ ಗಂಡ ಹೆಂಡತಿ. 1848ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡರು. ಎಲೆನ್ ಅವರದು ಬಿಳಿ ಮೈಬಣ್ಣ. ಕೂದಲು ಕತ್ತರಿಸಿ, ಟೋಪಿ, ಬಣ್ಣದ ಕನ್ನಡಕ ಹಾಕಿಕೊಂಡು ಬಿಳಿ ಯಜಮಾನನ ವೇಷ ತೊಟ್ಟರು. ಗಂಡ ಅವರ ಆಳು! ಬರೆಯಲು ಬರುತ್ತಿರಲಿಲ್ಲ, ಹೋಟೆಲಿನಲ್ಲಿ ಸಹಿ ಕೇಳಿದರೆ? ಅದಕ್ಕೇ ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡರು. ಎಂಥ ತಲೆ ನೋಡಿ.

ಬಾಸ್ಟನ್‌ಗೆ ಬಂದ ಮೇಲೆ ಥಿಯೊಡೋರ್ ಪಾರ್ಕರ್ ಎಂಬ ಯೂನಿಟೇರಿಯನ್ ಪಾದ್ರಿಯ ಸಭೆ ಸೇರಿದರು. ಬೈಬಲ್ಲಿನ ಪವಾಡಗಳ ಮೇಲೆ ಧರ್ಮ ನಿಂತಿಲ್ಲ ಎಂದದ್ದಕ್ಕೆ ಊರಿನ ಎಷ್ಟೋ ಯೂನಿಟೇರಿಯನ್ ಪಾದ್ರಿಗಳು ಪಾರ್ಕರ್ ಅವರನ್ನು ದೂರ ಇಟ್ಟಿದ್ದರು. ಉದಾರವಾದಿಗಳಲ್ಲೂ ಮಡಿ ಇರುತ್ತೆ, ಅಲ್ವಾ?

1850ರ ಸೆಪ್ಟೆಂಬರಿನಲ್ಲಿ, ಓಡಿಬಂದ ಗುಲಾಮರನ್ನು ಹಿಡಿದು ವಾಪಸ್ ಒಪ್ಪಿಸುವ ಕಾನೂನು ಬಂತು. ಸಹಿ ಹಾಕಿದ್ದು ಯಾರು? ಯೂನಿಟೇರಿಯನ್ ಫಿಲ್ಮೋರ್.

ಮುಂದಿನ ತಿಂಗಳೇ ಕ್ರಾಫ್ಟ್ ದಂಪತಿಯನ್ನು ಹುಡುಕಿಕೊಂಡು ಜನ ಬಂದರು. ಪಾರ್ಕರ್ ಎಲೆನ್ ಅವರನ್ನು ತಮ್ಮ ಮನೆಯಲ್ಲೇ ಬಚ್ಚಿಟ್ಟರು. ಮೇಜಿನೊಳಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡೇ ಭಾನುವಾರದ ಉಪದೇಶ ಬರೆದರು. ಗುಲಾಮರ ಮದುವೆಗೆ ಜಾರ್ಜಿಯಾದಲ್ಲಿ ಕಾನೂನಿನ ಬೆಲೆ ಇರಲಿಲ್ಲ. ಹಾಗಾಗಿ ನವೆಂಬರಿನಲ್ಲಿ ಇಬ್ಬರಿಗೂ ಮತ್ತೆ ಮದುವೆ ಮಾಡಿಸಿ, ವಿಲಿಯಂ ಕೈಗೆ ಒಂದು ಬೈಬಲ್, ಒಂದು ಕತ್ತಿ ಕೊಟ್ಟರು. ಇಬ್ಬರೂ ಇಂಗ್ಲೆಂಡಿಗೆ ಹೊರಟರು.

ಆಮೇಲೆ ಪಾರ್ಕರ್ ಸುಮ್ನೆ ಕೂರಲಿಲ್ಲ. ನೇರ ಫಿಲ್ಮೋರ್ ಅವರಿಗೇ ಕಾಗದ ಬರೆದರು. ನನ್ನ ತಾತ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಲೆಕ್ಸಿಂಗ್ಟನ್ ಕಾಳಗದಲ್ಲಿ ಹಿಡಿದ ಬಂದೂಕು, ಅಂದೇ ಬ್ರಿಟಿಷ್ ಸೈನಿಕನಿಂದ ವಶಪಡಿಸಿಕೊಂಡ ಇನ್ನೊಂದು, ಎರಡೂ ನನ್ನ ಓದುವ ಕೋಣೆಯಲ್ಲಿವೆ. ನನ್ನ ಸಭೆಯವರನ್ನು ಕಾಪಾಡಲಾಗದಿದ್ದರೆ ಇವನ್ನು ಬಿಸಾಡಬೇಕು ಎನ್ನುವುದು ಅದರ ಸಾರ.

ಆ ಎರಡು ಬಂದೂಕುಗಳನ್ನು ಪಾರ್ಕರ್ ರಾಜ್ಯಕ್ಕೆ ಬಿಟ್ಟುಹೋದರು. ಅವು ಮ್ಯಾಸಚೂಸೆಟ್ಸ್ ಸ್ಟೇಟ್ ಹೌಸ್‌ನ ಸೆನೆಟ್ ಸಭಾಂಗಣದಲ್ಲಿವೆ. ಇಲ್ಲಿಂದ ನಡೆದೇ ಹೋಗಬಹುದು, ಬನ್ನಿ.