ಮಿಠಿ ನದಿಯ ದಂಡೆಯಲ್ಲಿ ಕಾಮರ್ಸ್ ಹುಡುಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹನ್ನೆರಡನೆಯ ತರಗತಿಯ ರಿಸಲ್ಟ್ ಬಂದಿದೆ. ಮುಂಬೈ ಕಡೆಯ ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡ ಮನೆಗಳಲ್ಲಿ ಈಗ ಒಂದೇ ಮಾತು, ಮುಂದೇನು? ಮಕ್ಕಳು ಪರಿಸರ ಅಧ್ಯಯನ ಅಂದರೆ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ನನಗೆ ಬಾಯಿಪಾಠ ಆಗಿದೆ. "ಇದು ಸೈನ್ಸಾ, ಆರ್ಟ್ಸಾ?"

ಎರಡೂ ಹೌದು. ಕಾಮರ್ಸೂ ಹೌದು, ಕಾನೂನೂ ಹೌದು. ಪರಿಸರದ ಯಾವ ತೊಂದರೆಯೂ ಒಂದೇ ವಿಷಯದೊಳಗೆ ಹಿಡಿಸುವುದಿಲ್ಲ. ಅದನ್ನು ಓದುವವರು ಒಂದೇ ವಿಷಯ ಹಿಡಿದು ಕೂತರೆ ಆಗುವುದಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ನಮ್ಮ ಮುಂಬೈಯ ಮಿಠಿ ನದಿಯನ್ನೇ ತೆಗೆದುಕೊಳ್ಳಿ. ವಿಹಾರ್, ಪೊವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ, ಸಾಕಿನಾಕಾ, ಕುರ್ಲಾ ದಾಟಿ ಮಾಹಿಮ್ ಬಳಿ ಸಮುದ್ರ ಸೇರುತ್ತದೆ. ಬಾಂದ್ರಾ, ಮಾಹಿಮ್ ನಡುವೆ ಲೋಕಲ್ ಟ್ರೇನಿನಲ್ಲಿ ನೀವು ಮೂಗು ಮುಚ್ಚಿಕೊಳ್ಳುವುದು ಇದನ್ನು ದಾಟುವಾಗಲೇ.

ಒಮ್ಮೆ ನಮ್ಮ ವಿದ್ಯಾರ್ಥಿಗಳನ್ನು ಕುರ್ಲಾ ಕಡೆಯ ದಂಡೆಗೆ ಕರೆದುಕೊಂಡು ಹೋಗಿದ್ದೆ. ನೀರಿನಲ್ಲಿ ಆಮ್ಲಜನಕ ಇದೆಯಾ ಅಂತ ನೋಡಬೇಕಿತ್ತು. ಬಾಟಲಿಗೆ ನೀರು ತುಂಬಿ ಎರಡು ದ್ರಾವಣ ಹಾಕಬೇಕು. ಆಮ್ಲಜನಕ ಇದ್ದರೆ ತಳದಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಇರುತ್ತದೆ. ಅವತ್ತು ಬೆಳ್ಳಗೇ ಇತ್ತು. ಅಂಥ ನೀರಿನಲ್ಲಿ ಮೀನು ಬದುಕುವುದಿಲ್ಲ. ಕೆಮಿಸ್ಟ್ರಿ ಹುಡುಗರು ಸೊನ್ನೆ ಅಂತ ಬರೆದು ನೋಟ್‌ಬುಕ್ ಮುಚ್ಚಿದರು. ಕೆಲಸ ಮುಗೀತು ಅಂದರು. ಮುಗಿಯುವುದು ಹೇಗೆ?

ಅಷ್ಟರಲ್ಲಿ ನಮ್ಮ ಕಾಮರ್ಸ್ ಹುಡುಗಿ ದಂಡೆಯಲ್ಲಿ ಹಳೇ ಡ್ರಮ್ ತೊಳೆಯುತ್ತಿದ್ದ ಮುದುಕರ ಹತ್ತಿರ ಹೋಗಿ ಕೂತಿದ್ದಳು. ಉಡುಪಿ ಕಡೆಯವಳು, ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಬೆಳೆದವಳು. "ಚಾಚಾ, ಒಂದು ಡ್ರಮ್ಮಿಗೆ ಎಷ್ಟು ಸಿಗುತ್ತೆ? ಕಾಸ್ಟಿಕ್ ಸೋಡಾ ಯಾರು ಕೊಡ್ತಾರೆ? ತೊಳೆದದ್ದನ್ನ ಯಾರು ಕೊಳ್ತಾರೆ?" ಬಿಲ್ಲಿನ ಹಿಂಬದಿಯಲ್ಲಿ ಎಲ್ಲ ಬರೆದುಕೊಂಡಳು. ಡ್ರಮ್ ತೊಳೆದ ಈ ನೀರನ್ನು ಹೊಳೆಗೆ ಬಿಡದೆ ಟ್ಯಾಂಕಿಯಲ್ಲಿ ಹಿಡಿದು ಶುದ್ಧ ಮಾಡಿಸಿದರೆ? ಕೂಡಿ ಕಳೆದು ನೋಡಿದಳು. ಚಾಚಾಗೆ ಏನೂ ಉಳಿಯುವುದಿಲ್ಲ.

ಹಿಂತಿರುಗಿ ಬಂದು ನನ್ನನ್ನು ಕೇಳಿದಳು: "ಸರ್, ಡ್ರಮ್ಮಿನಲ್ಲಿ ಮಾಲು ತರಿಸಿದ ಕಾರ್ಖಾನೆ ಈ ಖರ್ಚು ಯಾಕೆ ಹೊರಬಾರದು?"

ಎಂಥ ಪ್ರಶ್ನೆ ನೋಡಿ! ಬಾಟಲಿ ಈ ಪ್ರಶ್ನೆ ಕೇಳುವುದಿಲ್ಲ. ಇದಕ್ಕೆ ಉತ್ತರ ಹುಡುಕಲು ಕಾನೂನು ಓದಬೇಕು. ಹೊಲಸನ್ನು ಹೊಳೆಗೆ ಬಿಡಬಾರದು ಅಂತ 1974ರ ಜಲ ಮಾಲಿನ್ಯ ಕಾಯ್ದೆ ಇದೆ. ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಡ್ರಮ್ಮನ್ನೂ ನಿಯಮಗಳು ಅಪಾಯಕಾರಿ ತ್ಯಾಜ್ಯ ಅನ್ನುತ್ತವೆ. ಹಾಗಾದರೆ ಅದು ಚಾಚಾನ ಕೈಗೆ ಬಂದದ್ದು ಹೇಗೆ? ಅವಳು ಆ ವರ್ಷವಿಡೀ ಇದರ ಹಿಂದೆ ಬಿದ್ದಳು. ಬಾಟಲಿಯ ಬಿಳಿ ಗಸಿಯೂ ಬೇಕು, ಬಿಲ್ಲಿನ ಹಿಂಬದಿಯ ಲೆಕ್ಕವೂ ಬೇಕು. ಒಂದೇ ಇದ್ದರೆ ಸಾಲದು.

ಇತಿಹಾಸವೂ ಬೇಕು. ಮುಂಬೈ ಮುಳುಗಿದ 2005ರ ಜುಲೈ 26 ನೆನಪಿದೆ ಅಲ್ವಾ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ನೂರೂ ಇಲ್ಲ. ಮೇಲಿಂದ ಅಷ್ಟು ನೀರು, ಎದುರಿಗೆ ಸಮುದ್ರದ ಉಬ್ಬರ. ಮಿಠಿಯ ನೀರು ಹರಡಿಕೊಳ್ಳುತ್ತಿದ್ದ ಜವುಗು ನೆಲದ ಮೇಲೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಅನ್ನುವ ಕಚೇರಿಗಳ ಬಡಾವಣೆ ಎದ್ದು ನಿಂತಿತ್ತು. ಹಳೇ ನಕಾಶೆ ಓದಲು ಬಾರದವರಿಗೆ ಇದು ಬರೀ ಮಳೆಯ ಸುದ್ದಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಸುಪ್ರೀಂ ಕೋರ್ಟಿನ 1991ರ ಆದೇಶದಿಂದಾಗಿ ಎಲ್ಲ ಡಿಗ್ರಿಯಲ್ಲೂ ಪರಿಸರದ ಒಂದು ಕಡ್ಡಾಯ ಪೇಪರ್ ಬಂತು. ಅದು ಬೇರೆ, ಪರಿಸರ ಅಧ್ಯಯನವನ್ನೇ ಮುಖ್ಯ ವಿಷಯವಾಗಿ ಓದುವ ಈ ಮೇಜರ್ ಬೇರೆ. ದಯವಿಟ್ಟು ಇದನ್ನು ಗಿಡ ನೆಡುವ ಕೋರ್ಸು ಅನ್ನಬೇಡಿ. ಕೆಲಸ ಸಿಗುತ್ತಾ ಅಂತೀರಾ? ಷೇರುಪೇಟೆಯ ದೊಡ್ಡ 1000 ಕಂಪನಿಗಳು ಪರಿಸರದ ಲೆಕ್ಕ ಒಪ್ಪಿಸಲೇಬೇಕು ಅಂತ ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ನಿಯಮ ಮಾಡಿದೆ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಆ ಲೆಕ್ಕದ, ಈ ಅನುಮತಿಯ ವರದಿ ಬರೆಯಲು ನೀರೂ ಗೊತ್ತಿರುವ, ಲೆಕ್ಕವೂ ಗೊತ್ತಿರುವ, ಕಾನೂನೂ ಗೊತ್ತಿರುವ ಜನ ಬೇಕು.

ಫಾರ್ಮ್ ತುಂಬುವ ಮೊದಲು ಕಾಲೇಜಿನಿಂದ ಪೂರ್ತಿ ಸಿಲೆಬಸ್ ಕೇಳಿ ತೆಗೆದುಕೊಳ್ಳಿ. ಲ್ಯಾಬ್, ಫೀಲ್ಡ್ ವರ್ಕ್, ಅರ್ಥಶಾಸ್ತ್ರ, ಕಾನೂನು, ಸ್ಟ್ಯಾಟಿಸ್ಟಿಕ್ಸ್ ಇವೆಯಾ ನೋಡಿ. ಫೀಲ್ಡ್ ವರ್ಕ್ ಇಲ್ಲ ಅಂದರೆ ಬೇರೆ ಕಾಲೇಜು ಹುಡುಕಿ.

ನಮಸ್ಕಾರ.