ಒಂದು ಸೇರು ಪುರಿ, ಒಂದು ಧೂಮಕೇತು

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಸೇರು ಇಟ್ಟಿದ್ದೇನೆ, ನೋಡಿ. ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ಪುರಿ. ದಾವಣಗೆರೆ ಕಡೆಯವರು ಮಂಡಕ್ಕಿ ಅನ್ನಿ, ಜಗಳ ಬೇಡ. ಕಣ್ಣು ಮುಚ್ಚಿಕೊಂಡು ಎತ್ತಿದರೂ ಯಾವುದು ಯಾವುದು ಅಂತ ಕೈಗೆ ಗೊತ್ತಾಗುತ್ತದೆ, ಅಲ್ವಾ? ಆಕಾಶದ ಕಾಯಗಳ ಒಳಗೇನಿದೆ ಅಂತ ತಿಳಿಯಲೂ ಮೊದಲು ಕೇಳುವುದು ಇದನ್ನೇ: ಗಾತ್ರ ಎಷ್ಟು, ತೂಕ ಎಷ್ಟು?

ನಿಮ್ಮ ಮನೆ ಮೇಲಿನ 1000 ಲೀಟರ್ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ತುಂಬಿದರೆ ಒಂದು ಟನ್. ಭೂಮಿಯ ಸರಾಸರಿ ಸರಕು ತುಂಬಿದರೆ ಐದೂವರೆ ಟನ್, ಚಂದ್ರನದಾದರೆ 3.3 ಟನ್. ಭೂಮಿಯ ನಡುವೆ ದೊಡ್ಡ ಕಬ್ಬಿಣದ ತಿರುಳಿದೆ, ಮೇಲಿನ ಭಾರಕ್ಕೆ ಒಳಗಿನದೆಲ್ಲ ಅಮುಕಿಯೂ ಹೋಗಿದೆ. ಚಂದ್ರನ ತಿರುಳು ಪುಟ್ಟದು. ಶನಿ ಗ್ರಹದ್ದು ಟ್ಯಾಂಕಿಗೆ 690 ಕೆ.ಜಿ. ಅಷ್ಟೇ. ಅದಕ್ಕೇ ಶನಿ ನೀರಲ್ಲಿ ತೇಲುತ್ತದೆ ಅನ್ನುತ್ತಾರೆ. ಸುಮ್ನೆ ಹೇಳುವ ಮಾತು. ಅನಿಲದ ಉಂಡೆಯನ್ನು ಯಾವ ಕೆರೆಗೆ ಇಳಿಸುತ್ತೀರಿ?

ನಿಜವಾಗಿ ತೇಲುವಂಥದ್ದು 67ಪಿ ಧೂಮಕೇತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ರೊಸೆಟ್ಟಾ ನೌಕೆ 2014ರ ಆಗಸ್ಟ್‌ನಲ್ಲಿ ಅದರ ಹತ್ತಿರ ಹೋಯಿತು. ಧೂಮಕೇತು ಎಳೆದಾಗೆಲ್ಲ ನೌಕೆಯ ವೇಗ ಚೂರು ಬದಲಾಗುತ್ತಿತ್ತು. ಅದು ಕಳಿಸುವ ರೇಡಿಯೋ ಅಲೆಯಲ್ಲಿ ಆ ಬದಲಾವಣೆ ಕಾಣುತ್ತಿತ್ತು. ಅದರಿಂದ ತೂಕ ಸಿಕ್ಕಿತು: ಸುಮಾರು 1000 ಕೋಟಿ ಟನ್. ಫೋಟೋಗಳಿಂದ ಗಾತ್ರ ಸಿಕ್ಕಿತು. ಟ್ಯಾಂಕಿಗೆ ಲೆಕ್ಕ ಹಾಕಿದರೆ ಬರೀ 533 ಕೆ.ಜಿ.! ಮಂಜುಗಡ್ಡೆ ಮತ್ತು ದೂಳು ಸೇರಿ ಇಷ್ಟು ಹಗುರವಾಗಬೇಕಾದರೆ ಮುಕ್ಕಾಲು ಪಾಲು ಖಾಲಿ ಇರಲೇಬೇಕು. ಒಳಗೆ ದೊಡ್ಡ ಗುಹೆ ಇದ್ದಿದ್ದರೆ ನೌಕೆಯ ಓಟದಲ್ಲೇ ಅದರ ಸುಳಿವು ಸಿಗುತ್ತಿತ್ತು. ಸಿಗಲಿಲ್ಲ. ಪುರಿಯೊಳಗಿನ ಹಾಗೆ ಖಾಲಿ ಜಾಗ ಎಲ್ಲೆಲ್ಲೂ ಸಣ್ಣಸಣ್ಣದಾಗಿ ಹರಡಿದೆ.

ಆ ವರ್ಷದ ನವೆಂಬರ್ 12ರಂದು ಫಿಲೇ ಎಂಬ ಪುಟ್ಟ ನೌಕೆ ಅಲ್ಲಿ ಇಳಿಯಿತು. ಭೂಮಿಯಲ್ಲಿ ನೂರು ಕೆ.ಜಿ. ಅಲ್ಲಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದ್ದರೆ ಎರಡು ಮೂರು ಕಡಲೆಕಾಯಿ ಬೀಜದಷ್ಟು ತೂಗುತ್ತಿತ್ತು. ನೆಲ ಕಚ್ಚಿಕೊಳ್ಳಲು ಇಟ್ಟಿದ್ದ ಈಟಿಗಳು ಹಾರಲಿಲ್ಲ. ನಡೆಯುವ ವೇಗದಲ್ಲಿ ತಗುಲಿದ ಫಿಲೇ ಪುಟಿದು, ಸುಮಾರು ಎರಡು ಗಂಟೆ ತೇಲಾಡಿ, ಎಲ್ಲೋ ನೆರಳಿನ ಸಂದಿಯಲ್ಲಿ ಬಿತ್ತು. ಎಲ್ಲಿ ಅಂತ ಫೋಟೋದಲ್ಲಿ ಕಂಡದ್ದು 2016ರ ಸೆಪ್ಟೆಂಬರ್‌ನಲ್ಲಿ.

ಬೆನ್ನು ಎಂಬ ಕ್ಷುದ್ರಗ್ರಹದ್ದು ಬೇರೆ ಕಥೆ. ಅರ್ಧ ಕಿಲೋಮೀಟರ್ ಅಗಲ, ಟ್ಯಾಂಕಿಗೆ 1190 ಕೆ.ಜಿ. ಕಲ್ಲಿಗೆ ಇದು ತೀರಾ ಕಡಿಮೆ. ಬೆನ್ನು ಒಂದೇ ಬಂಡೆಯಲ್ಲ, ಜಲ್ಲಿ ರಾಶಿ. ಕಲ್ಲುಕಲ್ಲಿನ ನಡುವೆ ಸಂದು. 2020ರ ಅಕ್ಟೋಬರ್ 20ರಂದು ನಾಸಾದ ಒಸೈರಿಸ್-ರೆಕ್ಸ್ ನೌಕೆ ಮಾದರಿ ತೆಗೆಯಲು ಕೈ ಚಾಚಿತು. ನೆಲ ತಡೆಯಲೇ ಇಲ್ಲ. ಕೈ ಅರ್ಧ ಮೀಟರ್ ಒಳಗೆ ಹೋಯಿತು. ಡಬ್ಬಿ ಎಷ್ಟು ತುಂಬಿತೆಂದರೆ ಕಲ್ಲು ಸಿಕ್ಕಿಕೊಂಡು ಮುಚ್ಚಳ ಮುಚ್ಚದೆ ಚೂರುಗಳು ಹೊರಗೆ ಸೋರಿದವು. ಕಡೆಗೆ 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂದದ್ದು 121.6 ಗ್ರಾಂ. ಕೇಳಿದ್ದು 60 ಗ್ರಾಂ, ಸಿಕ್ಕಿದ್ದೇ ಜಾಸ್ತಿ.

ಈಗ ಮುಂದಿನ ಸಾಲಿನ ಮಕ್ಕಳು ಬಂದು ಪುರಿ ಸೇರಿಗೆ ಬೆರಳು ಒತ್ತಿ ನೋಡಿ, ಆಮೇಲೆ ಅಕ್ಕಿಗೆ. ಪುರಿ ತಿನ್ನುವುದು ಪ್ರಶ್ನೆಗಳು ಮುಗಿದ ಮೇಲೆ.