ವೊಯೇಜರ್ ಹೊತ್ತ ನಾಲ್ಕು ಕನ್ನಡ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬೆಳೆದದ್ದು ಬೆಳಗಾವಿಯ ವಡಗಾವಿಯಲ್ಲಿ, ನೇಕಾರರ ಓಣಿಯಲ್ಲಿ. ದಿನವಿಡೀ ಮಗ್ಗದ ಸಪ್ಪಳ. ಸಂಜೆ ವಾರ್ತೆಯ ಹೊತ್ತಿಗೆ ಅಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ಕೂರುತ್ತಿದ್ದರು. ಗುಂಡಿಯನ್ನು ಕೂದಲೆಳೆಯಷ್ಟು ಆಚೆ ತಿರುವಿದರೆ ಬರೀ ಗೊರಗೊರ, ಈಚೆ ತಂದರೆ ಮಾತು. ಅಷ್ಟು ಗದ್ದಲದಲ್ಲಿ ಸಣ್ಣ ದನಿಯನ್ನು ಹುಡುಕಿ ಹಿಡಿಯುವ ಅವರ ತಾಳ್ಮೆ, ಬಾಹ್ಯಾಕಾಶದ ಕಥೆ ಓದಿದಾಗೆಲ್ಲ ನನಗೆ ನೆನಪಾಗುತ್ತದೆ.

ಆ ಕಥೆ ಶುರುವಾದದ್ದೇ ಒಂದು ರೇಡಿಯೋ ದನಿಯಿಂದ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿತು. ತೂಕ ಸುಮಾರು 84 ಕಿಲೋ. ಮೇಲಿನಿಂದ 'ಬೀಪ್, ಬೀಪ್' ಎನ್ನುತ್ತಿತ್ತು. ಹವ್ಯಾಸಿ ರೇಡಿಯೋದವರು ಮನೆಯಲ್ಲೇ ಕೂತು ಅದನ್ನು ಕೇಳಿದರು. ಮೂರು ವಾರಕ್ಕೆ ಬ್ಯಾಟರಿ ಮುಗಿಯಿತು. 1961ರಲ್ಲಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು, 1969ರಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟರು. ಇದೆಲ್ಲ ನಿಮಗೆ ಗೊತ್ತಿರುವುದೇ. ನನಗೆ ಜಾಸ್ತಿ ಹತ್ತಿರದ್ದು 1977ರ ಸೆಪ್ಟೆಂಬರ್ 5ರಂದು ಹೊರಟ ನಾಸಾದ ನೌಕೆ ವೊಯೇಜರ್ 1. ಅದರಲ್ಲಿ ಜನರಿಲ್ಲ.

ಗುರು, ಶನಿಯನ್ನು ನೋಡಿಕೊಂಡು ಅದು ಮುಂದೆ ಹೋಯಿತು. 2012ರಲ್ಲಿ ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನೇ ದಾಟಿತು. ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದರ ರೇಡಿಯೋದ ಶಕ್ತಿ ಸುಮಾರು 23 ವ್ಯಾಟ್. ದೇವರ ಮನೆಯ ಸಣ್ಣ ಬಲ್ಬಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ ಅಲ್ವಾ?

2023ರ ನವೆಂಬರಿನಲ್ಲಿ ಅದರ ಮಾತು ತೊದಲಿತು. ದನಿ ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಅಲ್ಲಿಗೆ ಹೋಗಿ ರಿಪೇರಿ ಮಾಡುವವರು ಯಾರು? ನಾಸಾದ ಎಂಜಿನಿಯರ್‌ಗಳು ಆ ಚಿಪ್ಪಿನಲ್ಲಿದ್ದ ಕೋಡನ್ನು ತುಂಡು ಮಾಡಿ, ಮೆಮೊರಿಯ ಬೇರೆ ಬೇರೆ ಮೂಲೆಗಳಲ್ಲಿ ಜಾಗ ಹುಡುಕಿ ಕೂರಿಸಿದರು. ತುಂಡುಗಳು ಮತ್ತೆ ಒಂದಾಗಿ ಕೆಲಸ ಮಾಡುವಂತೆ ಜೋಡಿಸಿದರು, ಹಾಸಿನ ಎಳೆ ಹರಿದಾಗ ನೇಕಾರ ತುದಿ ಹುಡುಕಿ ಗಂಟು ಹಾಕುವ ಹಾಗೆ. 2024ರ ಏಪ್ರಿಲ್ 18ರಂದು ಮೊದಲ ತುಂಡು ಹೊರಟಿತು. ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಎರಡು ದಿನ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. 20ರಂದು ವೊಯೇಜರ್ ತನ್ನ ಕ್ಷೇಮ ಸಮಾಚಾರವನ್ನು ಮತ್ತೆ ಸ್ಪಷ್ಟವಾಗಿ ಹೇಳಿತು.

ಆ ನೌಕೆಯ ಮೈಮೇಲೆ ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆಯೊಂದಿದೆ. ದೂರದಲ್ಲಿ ಯಾರಿಗಾದರೂ ಸಿಕ್ಕರೆ ಕೇಳಲಿ ಎಂದು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಅವರ ಜೊತೆಗಾರರು ಸಿದ್ಧಪಡಿಸಿದ್ದು. ಅದರಲ್ಲಿ 55 ಭಾಷೆಗಳ ಶುಭಾಶಯ. ಬೆಳಗಾವಿಯ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಕನ್ನಡ, ಮರಾಠಿ, ಉರ್ದು ಮೂರೂ ಅಲ್ಲಿವೆ. ಪಕ್ಕದ ಗೋವೆಯ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಕನ್ನಡದ್ದು ನಾಲ್ಕೇ ಮಾತು: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು."

ಇದನ್ನು ಒಮ್ಮೆ ಮೊಬೈಲಿನಲ್ಲಿ ಅಪ್ಪನಿಗೆ ಕೇಳಿಸಿದೆ. ಹಳೇ ರೂಢಿಯಂತೆ ಮೊಬೈಲಿಗೇ ಕಿವಿ ಹಚ್ಚಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. "ಇನ್ನೊಮ್ಮೆ ಹಚ್ಚು" ಎಂದರು.